ಬಳಸಿ ಮುಗಿದ ಇ-ಸಿಗರೇಟನ್ನು ಮರುಬಳಕೆಗೆ ಒಪ್ಪಿಸುವುದು ಹೇಗೆ

ಬಳಸಿ ಮುಗಿದ ಇ-ಸಿಗರೇಟಿನಲ್ಲಿ ಮೂರು ಬಗೆಯ ಕಸ ಒಂದೇ ಕೊಳವೆಯೊಳಗೆ ಕೂತಿರುತ್ತದೆ: ಬೆಂಕಿ ಹಿಡಿಯಬಲ್ಲ ಲಿಥಿಯಂ-ಅಯಾನ್ ಬ್ಯಾಟರಿ, ಚರ್ಮದ ಮೂಲಕವೂ ಮೈಗೆ ಸೇರುವ ನಿಕೋಟಿನ್ ದ್ರವ, ಜೊತೆಗೆ ಸರ್ಕಿಟ್ ಹಲಗೆ, ದ್ರವವನ್ನು ಕಾಯಿಸುವ ತಂತಿಯ ಸುರುಳಿ (ಕಾಯಿಲ್), ಸೆನ್ಸರ್‌ಗಳಂಥ ಇ-ತ್ಯಾಜ್ಯ. ಇದನ್ನು ಪ್ಲಾಸ್ಟಿಕ್ ಕಸದ ಜೊತೆ ಹಾಕಿದರೆ ಬ್ಯಾಟರಿಯ ಅಪಾಯ. ಬರೀ ಬ್ಯಾಟರಿ ಸಂಗ್ರಹಿಸುವ ಡಬ್ಬಿಗೆ ಹಾಕಿದರೆ ಒಳಗಿನ ದ್ರವ ಸೋರಿ ಉಳಿದ ಸೆಲ್‌ಗಳನ್ನೂ ಕೆಡಿಸುತ್ತದೆ. ಎಲ್ಲಿ ಹಾಕಬೇಕೆಂದು ಗೊತ್ತಾಗದೆ ಕೊನೆಗೆ ಮಾಮೂಲಿ ಕಸದ ಬುಟ್ಟಿಗೆ ಎಸೆಯುವವರೇ ಹೆಚ್ಚು. ಎಲ್ಲಕ್ಕಿಂತ ಕೆಟ್ಟ ಜಾಗ ಅದೇ.

ಬಳಸಿದವರು ಮಾಡಬೇಕಾದ ಕೆಲಸ ಚಿಕ್ಕದು. ಉಪಕರಣ ತಾನಾಗಿ ಉರಿಯದಂತೆ, ಸೋರದಂತೆ, ಜಜ್ಜಿಹೋಗದಂತೆ ನೋಡಿಕೊಂಡು, ಬಿಚ್ಚಲು ಬೇಕಾದ ಸಲಕರಣೆ ಇರುವವರ ಕೈಗೆ ಬೇಗ ಒಪ್ಪಿಸಬೇಕು, ಅಷ್ಟೆ. ಮನೆಯಲ್ಲೇ ಬಿಚ್ಚಿ ಬೇರ್ಪಡಿಸಿ ಕೊಟ್ಟರೆ ಪುಣ್ಯದ ಕೆಲಸ ಎಂದು ತಿಳಿದವರೇ ಹೆಚ್ಚಾಗಿ ಕೈ ಸುಟ್ಟುಕೊಳ್ಳುವುದು.

ಒಳಗೆ ಏನೇನಿರುತ್ತದೆ

ಒಮ್ಮೆ ಬಳಸಿ ಎಸೆಯುವ ಮಾದರಿಯ ಹೊರಕವಚ ಪ್ಲಾಸ್ಟಿಕ್ ಅಥವಾ ಅಲ್ಯೂಮಿನಿಯಂ ಕೊಳವೆ. ಬಾಯಿಗಿಡುವ ತುದಿಯ ಕಡೆ ದ್ರವ ಹೀರಿಕೊಂಡ ಹತ್ತಿ ಅಥವಾ ನಾರಿನ ಉಂಡೆ, ಅದರ ನಡುವೆ ಕಬ್ಬಿಣ-ಕ್ರೋಮಿಯಂ-ಅಲ್ಯೂಮಿನಿಯಂ ಅಥವಾ ನಿಕಲ್-ಕ್ರೋಮಿಯಂ ತಂತಿಯ ಕಾಯಿಲ್. ಕೆಳಗೆ ಬ್ಯಾಟರಿ. ತಳದಲ್ಲಿ ಗಾಳಿಯ ಒತ್ತಡ ಗುರುತಿಸುವ ಪುಟ್ಟ ಸೆನ್ಸರ್ ಮತ್ತು ಎಲ್‌ಇಡಿ. ಎಳೆದಾಗ ಒಳಗಿನ ಒತ್ತಡ ಇಳಿಯುತ್ತದೆ, ಸೆನ್ಸರ್ ಅದನ್ನು ಗುರುತಿಸಿ ಬ್ಯಾಟರಿಯನ್ನು ಕಾಯಿಲ್‌ಗೆ ಜೋಡಿಸುತ್ತದೆ. ಇಂಥ ಮಾದರಿಗಳಲ್ಲಿ ಬೇರೆ ಸ್ವಿಚ್ ಇರುವುದು ಅಪರೂಪ. ಹಾಗಾಗಿ ‘ಆಫ್ ಮಾಡಿಟ್ಟೆ’ ಎನ್ನಲು ಇದರಲ್ಲಿ ಆಸ್ಪದವಿಲ್ಲ. ಸೆನ್ಸರ್ ಮೇಲೆ ದ್ರವ ಸೋರಿದರೆ ಯಾರೂ ಎಳೆಯದಿದ್ದರೂ ಕಾಯಿಲ್ ಕಾಯತೊಡಗಬಹುದು.

ಬ್ಯಾಟರಿಯ ವಿಷಯದಲ್ಲಿ ಒಂದು ತಪ್ಪು ನಂಬಿಕೆ ಬಹಳ ಬಳಕೆಯಲ್ಲಿದೆ: ಎಸೆಯುವ ಉಪಕರಣವಾದ್ದರಿಂದ ಒಳಗಿರುವುದೂ ಎಸೆಯುವ ಸೆಲ್ಲೇ ಎಂದು. ಹಾಗಲ್ಲ. ಸಾಮಾನ್ಯವಾಗಿ ಅದು ಫೋನಿನಲ್ಲಿರುವಂಥದ್ದೇ, ನೂರಾರು ಬಾರಿ ಚಾರ್ಜ್ ಮಾಡಬಹುದಾದ ಲಿಥಿಯಂ-ಅಯಾನ್ ಸೆಲ್. ಚಾರ್ಜ್ ಮಾಡಲು ಕಿಂಡಿ ಕೊಟ್ಟಿರುವುದಿಲ್ಲ, ಅಷ್ಟೆ. ವೋಲ್ಟೇಜು 3.7, ಪೂರ್ತಿ ತುಂಬಿದಾಗ 4.2. ಸಣ್ಣ ಮಾದರಿಗಳಲ್ಲಿ 300ರಿಂದ 650 ಮಿಲಿಆಂಪಿಯರ್-ಅವರ್ ಸಾಮರ್ಥ್ಯ ಸಾಮಾನ್ಯ. 550ರ ಸೆಲ್ ಎಂದರೆ ಸುಮಾರು 2 ವಾಟ್-ಅವರ್ ಶಕ್ತಿ, ಅದರಲ್ಲಿರುವ ಲಿಥಿಯಂ ಹೆಚ್ಚುಕಡಿಮೆ 0.15 ಗ್ರಾಂ. ಒಂದರ ಲೆಕ್ಕದಲ್ಲಿ ಚಿಲ್ಲರೆ ಎನಿಸುವ ಈ ಪ್ರಮಾಣ ಕಸದ ಲಾರಿಯಲ್ಲಿ ನೂರಾರು ಸೇರಿದಾಗ ಚಿಲ್ಲರೆಯಾಗಿ ಉಳಿಯುವುದಿಲ್ಲ. ಜೊತೆಗೆ, ಇಂಥ ಎಷ್ಟೋ ಸೆಲ್‌ಗಳಿಗೆ ಉಕ್ಕಿನ ಕವಚವಿರುವುದಿಲ್ಲ. ಅಲ್ಯೂಮಿನಿಯಂ ಪದರದ ತೆಳು ಹಾಳೆಯಲ್ಲಿ ಸುತ್ತಿರುತ್ತಾರೆ. ಸ್ಕ್ರೂ ಡ್ರೈವರಿನ ಮೂತಿ ತಗುಲಿದರೆ ಸಾಕು, ತೂತಾಗುತ್ತದೆ.

‘ಮುಗಿಯಿತು’ ಎಂದರೆ ಬ್ಯಾಟರಿ ಖಾಲಿ ಎಂದೂ ಅರ್ಥವಲ್ಲ. ದೀಪ ಸರಸರನೆ ಮಿನುಗಿ ಆರಿಹೋದರೆ ಬ್ಯಾಟರಿ ಇಳಿದಿದೆ. ಸುಟ್ಟ ರುಚಿ ಬಂದರೆ ದ್ರವ ತೀರಿದೆ, ಬ್ಯಾಟರಿಯಲ್ಲಿ ಅರ್ಧಕ್ಕರ್ಧ ಉಳಿದಿರಲೂಬಹುದು. ಬ್ಯಾಟರಿ ಇಳಿದ ಸಂದರ್ಭದಲ್ಲೂ ಸರ್ಕಿಟ್ ಅದನ್ನು ಪೂರ್ತಿ ಬರಿದಾಗಲು ಬಿಡದೆ ಸುಮಾರು 3 ವೋಲ್ಟಿನ ಆಸುಪಾಸಿನಲ್ಲೇ ನಿಲ್ಲಿಸುತ್ತದೆ. ಶಾರ್ಟ್ ಆದರೆ ತಂತಿಯನ್ನು ಕೆಂಪಗೆ ಕಾಯಿಸುವಷ್ಟು ಕರೆಂಟು ಆಗಲೂ ಸೆಲ್ಲಿನಲ್ಲಿ ಇದ್ದೇ ಇರುತ್ತದೆ.

ಇನ್ನು ನಿಕೋಟಿನ್. ಯುರೋಪಿನ ಒಕ್ಕೂಟದಲ್ಲಿ ಮಿತಿ ಪ್ರತಿ ಮಿಲಿಲೀಟರಿಗೆ 20 ಮಿಲಿಗ್ರಾಂ. ಬೇರೆಡೆ 50 ಮಿಲಿಗ್ರಾಂ, ಅಂದರೆ ಲೇಬಲ್ಲಿನಲ್ಲಿ ‘5%’ ಎಂದು ಬರೆದಿರುವುದೂ ಸಾಮಾನ್ಯ. 10 ಮಿ.ಲೀ. ಹಿಡಿಯುವ, 5%ರ ದೊಡ್ಡ ಉಪಕರಣದಲ್ಲಿ ಹೊಸದಿದ್ದಾಗ 500 ಮಿಲಿಗ್ರಾಂ ನಿಕೋಟಿನ್ ಇರುತ್ತದೆ. ‘ಖಾಲಿ’ಯಾದ ಮೇಲೂ ಹತ್ತಿಯಲ್ಲಿ ಒಂದಿಷ್ಟು ಹೀರಿಕೊಂಡೇ ಇರುತ್ತದೆ. ದೊಡ್ಡವರಿಗೆ ಆ ಉಳಿಕೆ ವಾಕರಿಕೆ ತರಿಸುವಷ್ಟಿದ್ದರೆ, ಬಾಯಿಗೆ ಹಾಕಿಕೊಳ್ಳುವ ಪುಟ್ಟ ಮಗುವಿಗೆ ಅಥವಾ ಕಚ್ಚಿ ಆಡುವ ನಾಯಿಮರಿಗೆ ಪ್ರಾಣಾಪಾಯದ ಮಟ್ಟಕ್ಕೆ ಹೋಗಬಹುದು. ಹಣ್ಣಿನ ಪರಿಮಳ ಬೇರೆ ಇರುತ್ತದಲ್ಲ.

ಯಾವ ಮಾದರಿ ಎಂದು ಮೊದಲು ನೋಡಿ

ಸಲಕರಣೆ ಏನೂ ಬಳಸದೆ, ಬರಿಗೈಯಲ್ಲಿ ತಿರುಗಿಸಿ ಅಥವಾ ಎಳೆದು ಬಿಚ್ಚಬಹುದೇ? ಇದೊಂದೇ ಪ್ರಶ್ನೆ. ಬರಿಗೈಗೆ ಬಿಚ್ಚುವಂತಿದ್ದರೆ ತಯಾರಕರು ಬಿಚ್ಚಲೆಂದೇ ಮಾಡಿದ್ದಾರೆ. ಬಿಚ್ಚಲಾಗದಿದ್ದರೆ ಅದು ಮುಚ್ಚಿದ ಮಾದರಿ, ಇಡಿಯಾಗಿಯೇ ಒಪ್ಪಿಸಬೇಕು. ಚಾರ್ಜಿಂಗ್ ಕಿಂಡಿ ಇದೆಯೋ ಇಲ್ಲವೋ ಎಂಬುದು ಇಲ್ಲಿ ಮುಖ್ಯವಲ್ಲ. ಬ್ರಿಟನ್ನಿನಲ್ಲಿ ಒಮ್ಮೆ ಬಳಸುವ ಮಾದರಿಗಳ ಮಾರಾಟ 2025ರ ಜೂನ್ 1ರಿಂದ ನಿಷೇಧವಾದ ಮೇಲೆ, ನೋಡಲು ಹಳೆಯದರಂತೆಯೇ ಇದ್ದು ಕೆಳಗೊಂದು ಕಿಂಡಿ ಮಾತ್ರ ಸೇರಿಕೊಂಡ ಉಪಕರಣಗಳು ಅಂಗಡಿಗಳಲ್ಲಿ ತುಂಬಿಕೊಂಡವು. ಒಳಗಿನ ಬ್ಯಾಟರಿ ಅಂಟಿಸಿದ್ದೇ ಆಗಿದ್ದರೆ ವಿಲೇವಾರಿಯ ಮಟ್ಟಿಗೆ ಅವೂ ಮುಚ್ಚಿದ ಮಾದರಿಗಳೇ. ಯುರೋಪಿನ ಹೊಸ ಬ್ಯಾಟರಿ ನಿಯಮದಂತೆ 2027ರ ಫೆಬ್ರವರಿ 18ರಿಂದ ಸಣ್ಣ ಉಪಕರಣಗಳ ಬ್ಯಾಟರಿಯನ್ನು ಬಳಕೆದಾರರೇ ತೆಗೆಯುವಂತಿರಬೇಕು. ಅಂಥವು ಬರುವವರೆಗೆ ಮೇಲಿನ ಪ್ರಶ್ನೆಯೇ ಗತಿ.

ಅಡ್ಡಗೆರೆ ಎಳೆದ, ಗಾಲಿಯುಳ್ಳ ಕಸದ ಡಬ್ಬಿಯ ಚಿತ್ರ ಉಪಕರಣದ ಮೇಲೋ ಪೆಟ್ಟಿಗೆಯ ಮೇಲೋ ಇದ್ದರೆ ಮಾಮೂಲಿ ಕಸಕ್ಕೆ ಹಾಕಕೂಡದು ಎಂದರ್ಥ. ಚಿತ್ರ ಇಲ್ಲದಿದ್ದ ಮಾತ್ರಕ್ಕೆ ಹಾಕಬಹುದು ಎಂದಲ್ಲ.

ಮುಚ್ಚಿದ ಮಾದರಿ

ಬೇಕಾಗುವುದು: ಒಂದು ಜೊತೆ ನೈಟ್ರೈಲ್ ಕೈಗವಸು, ಟಿಶ್ಯೂ, ಪ್ಲಾಸ್ಟಿಕ್ ಟೇಪು ಅಥವಾ ವೈರಿಂಗ್‌ಗೆ ಬಳಸುವ ಇನ್ಸುಲೇಷನ್ ಟೇಪು, ಬಾಯಿ ಮುಚ್ಚುವ ಪುಟ್ಟ ಪ್ಲಾಸ್ಟಿಕ್ ಚೀಲಗಳು, ಬರೆಯಲು ಮಾರ್ಕರ್. ಅಲ್ಯೂಮಿನಿಯಂ ಟೇಪು ಬೇಡ, ಅದು ವಿದ್ಯುತ್ ಹರಿಸುತ್ತದೆ.

1. ಕೈಗವಸು ಹಾಕಿಕೊಂಡು ಉಪಕರಣವನ್ನು ನಿಧಾನವಾಗಿ ನೋಡಿ: ಬಿಸಿಯಾಗಿದೆಯೇ, ಊದಿದೆಯೇ, ಬಿರುಕು ಬಿಟ್ಟಿದೆಯೇ, ದೀಪ ತಾನಾಗಿ ಉರಿಯುತ್ತಿದೆಯೇ, ಪೇಂಟ್ ಥಿನ್ನರಿನಂಥ ಸಿಹಿ ಘಾಟು ಬರುತ್ತಿದೆಯೇ. ಇವುಗಳಲ್ಲಿ ಒಂದಿದ್ದರೂ ಈ ಹಂತಗಳನ್ನು ಬಿಟ್ಟು, ‘ಕೆಟ್ಟ ಬ್ಯಾಟರಿ’ ಎಂಬ ಭಾಗಕ್ಕೆ ಹೋಗಿ.
2. ಹೊರಗಿನ ಜಿಡ್ಡನ್ನು ಒಣ ಟಿಶ್ಯೂವಿನಿಂದ ಒರೆಸಿ. ತೊಳೆಯಬೇಡಿ. ನೀರು ಸೆನ್ಸರ್‌ಗೆ ಇಳಿದರೆ ಕಾಯಿಲ್ ಹೊತ್ತಿಕೊಳ್ಳಬಹುದು. ಅಲ್ಲದೆ ತೊಳೆದ ನೀರೂ ನಿಕೋಟಿನ್ ಬೆರೆತ ನೀರೇ.
3. ಬಾಯಿಗಿಡುವ ತುದಿಯ ರಂಧ್ರಕ್ಕೂ ತಳದ ಗಾಳಿಕಿಂಡಿಗೂ ಟೇಪು ಹಚ್ಚಿ. ಎರಡು ಉಪಯೋಗ: ದ್ರವ ಸೋರುವುದು ನಿಲ್ಲುತ್ತದೆ, ಗಾಳಿಯ ಏರಿಳಿತಕ್ಕೆ ಸೆನ್ಸರ್ ಕೆಲಸ ಮಾಡುವುದು ತಪ್ಪುತ್ತದೆ. ಪೆಟ್ಟಿಗೆಯಲ್ಲಿ ಬಂದ ರಬ್ಬರ್ ಬಿರಡೆ ಇದ್ದರೆ ಅದನ್ನು ಸಿಕ್ಕಿಸಿ ಮೇಲೆ ಟೇಪು ಹಚ್ಚಿದರೆ ಇನ್ನೂ ಒಳ್ಳೆಯದು.
4. ಚಾರ್ಜಿಂಗ್ ಕಿಂಡಿ ಇದ್ದರೆ ಅದರ ಮೇಲೂ ಒಂದು ತುಂಡು.
5. ಒಂದು ಚೀಲಕ್ಕೆ ಒಂದೇ ಉಪಕರಣ. ಒರೆಸಿದ ಟಿಶ್ಯೂ ಮತ್ತು ಕೈಗವಸನ್ನು ಇನ್ನೊಂದು ಚೀಲದಲ್ಲಿ ಕಟ್ಟಿ ಜೊತೆಗಿಡಿ.
6. ಚೀಲದ ಮೇಲೆ ‘ಬಳಸಿದ ಇ-ಸಿಗರೇಟು, ಲಿಥಿಯಂ ಬ್ಯಾಟರಿ, ನಿಕೋಟಿನ್’ ಎಂದು ಬರೆದು ದಿನಾಂಕ ಹಾಕಿ.

ದಿನಾಂಕ ಹಾಕುವುದು ಶಿಸ್ತಿಗಾಗಿ ಅಲ್ಲ. ಮನೆಯಲ್ಲಿ ಇವು ಜಮೆಯಾಗುವುದು ಕಣ್ಣಿಗೆ ಬೀಳುವುದಿಲ್ಲ. ಡ್ರಾಯರಿನಲ್ಲಿ ಹದಿನೈದು ಇಪ್ಪತ್ತು ಸೇರಿದ ಮೇಲೆ ಒಟ್ಟಿಗೆ ಕೊಟ್ಟರಾಯಿತು ಎಂದು ಇಟ್ಟುಕೊಳ್ಳುವುದಕ್ಕಿಂತ ಐದಾರು ಆದ ಕೂಡಲೇ ಅಥವಾ ತಿಂಗಳೊಳಗೆ, ಯಾವುದು ಮೊದಲೋ ಆಗ, ಒಪ್ಪಿಸುವುದು ವಾಸಿ. ಒಂದು ಸೆಲ್ ಕೆಟ್ಟರೆ ಅದರ ಬಿಸಿ ಪಕ್ಕದ್ದನ್ನೂ ಹೊತ್ತಿಸುತ್ತದೆ. ಸಂಖ್ಯೆ ಕಡಿಮೆ ಇದ್ದಷ್ಟೂ ಬೆಂಕಿಯ ಪ್ರಮಾಣವೂ ಕಡಿಮೆ.

ಅಲ್ಲಿಯವರೆಗೆ ಇಡಲು ಮುಚ್ಚಳವುಳ್ಳ ಲೋಹದ ಡಬ್ಬಿ, ತಳದಲ್ಲಿ ಎರಡು ಮೂರು ಬೆರಳು ದಪ್ಪ ಒಣ ಮರಳು. ಮುಚ್ಚಳವನ್ನು ಬಿಗಿಯಾಗಿ ಅಮುಕಬೇಡಿ, ಸುಮ್ಮನೆ ಮೇಲಿಡಿ. ಸೆಲ್ ಅನಿಲ ಉಗುಳಿದರೆ ಬಿಗಿ ಮುಚ್ಚಿದ ಡಬ್ಬಿ ಸಿಡಿಯುತ್ತದೆ. ಡಬ್ಬಿಯ ಜಾಗ ತಂಪಾಗಿರಲಿ, ಒಣಗಿರಲಿ, ಮಕ್ಕಳ ಕೈಗೆ ಎಟುಕದಿರಲಿ. ಪರದೆ, ಕಾಗದ, ಬಟ್ಟೆಗಳ ಪಕ್ಕ ಬೇಡ. ಹೊರಬಾಗಿಲಿನ ದಾರಿಯಲ್ಲಂತೂ ಬೇಡವೇ ಬೇಡ, ಹೊತ್ತಿಕೊಂಡರೆ ಓಡಬೇಕಾದ ದಾರಿಯೇ ಅದು.

ಪಾಡ್ ಮಾದರಿ

ಪಾಡ್ ಎಂದರೆ ದ್ರವ ಮತ್ತು ಕಾಯಿಲ್ ಇರುವ, ಎಳೆದರೆ ಕೈಗೆ ಬರುವ ಪುಟ್ಟ ಡಬ್ಬಿ. ಇದನ್ನು ತೆಗೆದು ಬ್ಯಾಟರಿ ಭಾಗದಿಂದ ಬೇರೆ ಮಾಡಿಯೇ ಒಪ್ಪಿಸಬೇಕು. ಪಾಡ್ ಕಳಚಿದ ಮೇಲೆ ಕಾಯಿಲ್‌ಗೆ ಕರೆಂಟು ಹರಿಯುವ ದಾರಿಯೇ ಇರುವುದಿಲ್ಲ. ಬ್ಯಾಟರಿ ಭಾಗದ ಮೇಲೆ ಕಾಣುವ ಎರಡು ಚಿನ್ನದ ಬಣ್ಣದ ಮೊಳೆಗಳಿಗೆ ಟೇಪು ಹಚ್ಚಿ. ಪಾಡನ್ನು ಬೇರೆ ಚೀಲದಲ್ಲಿ ಹಾಕಿ. ಒಳಗಿನ ಹತ್ತಿಯನ್ನು ಹಿಂಡಿ ತೆಗೆಯಲು ಹೋಗಬೇಡಿ. ನಿಕೋಟಿನ್ ಬೆರಳಿಗೆ ಹತ್ತುವುದು ಬಿಟ್ಟರೆ ಅದರಿಂದ ಸಿಗುವುದೇನಿಲ್ಲ. ಪಾಡಿನಲ್ಲಿ ಬ್ಯಾಟರಿ ಇಲ್ಲ ನಿಜ, ಆದರೂ ಅದು ಪ್ಲಾಸ್ಟಿಕ್ ಕಸವಲ್ಲ, ನಿಕೋಟಿನ್ ಅಂಟಿದ ಅಪಾಯಕಾರಿ ತ್ಯಾಜ್ಯ.

ಬ್ಯಾಟರಿ ತೆಗೆಯಬಹುದಾದ ದೊಡ್ಡ ಉಪಕರಣ

ಮಾಡ್ ಎಂದು ಕರೆಯುವ ಇವುಗಳಲ್ಲಿ ಹೆಚ್ಚಾಗಿ 18650 ಅಥವಾ 21700 ಅಳತೆಯ ಸೆಲ್‌ಗಳಿರುತ್ತವೆ (ಮೊದಲನೆಯದು 18 ಮಿ.ಮೀ. ಅಡ್ಡಗಲ, 65 ಮಿ.ಮೀ. ಉದ್ದ; ಎರಡನೆಯದು 21 ಮಿ.ಮೀ. ಅಡ್ಡಗಲ, 70 ಮಿ.ಮೀ. ಉದ್ದ). ಮೊದಲು ಉಪಕರಣವನ್ನು ಆರಿಸಿ. ಹಲವು ಮಾದರಿಗಳಲ್ಲಿ ಗುಂಡಿಯನ್ನು ಐದು ಬಾರಿ ಬೇಗಬೇಗ ಒತ್ತಿದರೆ ಆರುತ್ತದೆ. ಆಮೇಲೆ ದ್ರವ ತುಂಬುವ ಟ್ಯಾಂಕ್ ತಿರುಗಿಸಿ ಬಿಚ್ಚಿ, ಬ್ಯಾಟರಿಯ ಬಾಗಿಲು ತೆರೆದು, ರಿಬ್ಬನ್ ಇದ್ದರೆ ಅದನ್ನೆಳೆದು ಸೆಲ್ ಹೊರತೆಗೆಯಿರಿ. ಲೋಹದ ಚಮಚ, ಚಾಕು ಹಾಕಿ ಎಬ್ಬಬೇಡಿ.

ಈ ಸೆಲ್‌ನ ರಚನೆ ತಿಳಿದಿದ್ದರೆ ಟೇಪು ಎಲ್ಲಿಗೆ ಬೇಕೆಂದು ತಾನಾಗಿ ಗೊತ್ತಾಗುತ್ತದೆ. ಮೇಲಿನ ಗುಂಡಿ ಧನ ಧ್ರುವ. ಋಣ ಧ್ರುವ ತಳವಷ್ಟೇ ಎಂದು ಬಹಳ ಜನ ತಿಳಿದಿರುತ್ತಾರೆ, ಆದರೆ ಇಡೀ ಉಕ್ಕಿನ ಕೊಳವೆಯೇ ಋಣ. ಅದನ್ನು ಮುಚ್ಚಿರುವುದು ತೆಳುವಾದ ಬಣ್ಣದ ಪ್ಲಾಸ್ಟಿಕ್ ಪೊರೆ ಮಾತ್ರ. ಕೊಳವೆಯ ಮೇಲಂಚು ಧನ ಗುಂಡಿಯಿಂದ ಕೆಲವೇ ಮಿಲಿಮೀಟರ್ ದೂರ. ಆ ಅಂಚಿನಲ್ಲಿ ಪೊರೆ ಹರಿದಿದ್ದು, ಜೇಬಿನ ಬೀಗದ ಕೈಯೋ ನಾಣ್ಯವೋ ತಗುಲಿದರೆ ನೇರ ಶಾರ್ಟ್. ಹತ್ತಾರು ಆಂಪಿಯರ್ ಕರೆಂಟು ಕ್ಷಣದಲ್ಲಿ ಹರಿಯುತ್ತದೆ, ಸೆಲ್ ಅನಿಲ ಉಗುಳಿ ಉರಿಯುತ್ತದೆ. ಬಿಡಿ ಸೆಲ್‌ಗಳನ್ನು ಜೇಬಿಗೆ ಹಾಕಿಕೊಳ್ಳಬಾರದು ಎನ್ನುವುದು ಇದಕ್ಕೇ.

ಆದ್ದರಿಂದ ಎರಡೂ ತುದಿಗೆ ಟೇಪು ಹಚ್ಚಿ, ಮೇಲ್ತುದಿಯದು ಪಕ್ಕಕ್ಕೂ ಒಂದು ಸೆಂಟಿಮೀಟರಿನಷ್ಟು ಇಳಿದಿರಲಿ. ಪೊರೆ ಹರಿದಿದ್ದರೆ ಆ ಜಾಗವನ್ನೂ ಸುತ್ತಿ. ಪ್ಲಾಸ್ಟಿಕ್ ಸೆಲ್ ಪೆಟ್ಟಿಗೆ ಇದ್ದರೆ ಅದರಲ್ಲಿಡಿ. ಮಲ್ಟಿಮೀಟರ್ ಇದ್ದವರು ಒಮ್ಮೆ ವೋಲ್ಟೇಜು ಅಳೆದು ನೋಡಬಹುದು. 3ರಿಂದ 3.7ರ ನಡುವೆ ಇದ್ದರೆ ಒಪ್ಪಿಸಲು ತಕ್ಕ ಸ್ಥಿತಿ. 4ರ ಮೇಲಿದ್ದರೆ, ಉಪಕರಣ ಸರಿಯಿದ್ದಲ್ಲಿ ಅದರಲ್ಲೇ ಹಾಕಿ ಬಳಸಿ ಇಳಿಸಿ. ಕೆಟ್ಟಿದ್ದರೆ ಹಾಗೆಯೇ ಟೇಪು ಹಚ್ಚಿ ಕೊಡಿ. 2 ವೋಲ್ಟಿಗಿಂತ ಕೆಳಗಿದ್ದರೆ ‘ಒಮ್ಮೆ ಚಾರ್ಜ್ ಮಾಡಿ ನೋಡೋಣ’ ಎನ್ನಬೇಡಿ. ಅಷ್ಟು ಇಳಿದ ಸೆಲ್‌ನೊಳಗಿನ ತಾಮ್ರದ ಹಾಳೆ ಕರಗತೊಡಗಿರುತ್ತದೆ. ಮತ್ತೆ ಚಾರ್ಜ್ ಮಾಡಿದಾಗ ಆ ತಾಮ್ರ ಬೇಡದ ಕಡೆ ಕೂತು ಒಳಗೊಳಗೇ ಶಾರ್ಟ್ ಆಗುತ್ತದೆ.

ಸೆಲ್ ತೆಗೆದ ಮಾಡ್‌ನ ದೇಹ, ಚಾರ್ಜರ್, ಕೇಬಲ್ ಎಲ್ಲವೂ ಮಾಮೂಲಿ ಇ-ತ್ಯಾಜ್ಯ. ಟ್ಯಾಂಕಿನ ಗಾಜು, ಲೋಹ ಕೂಡ ದ್ರವ ಅಂಟಿರುವವರೆಗೆ ಆ ದ್ರವದ ಜೊತೆಗೇ ಹೋಗಬೇಕು. ಬಿಸಿ ಮಾಡಿ ಎಳೆಯುವ ತಂಬಾಕಿನ ಉಪಕರಣಗಳಲ್ಲಿ ದ್ರವ ಇರುವುದಿಲ್ಲ, ಆದರೆ ಬ್ಯಾಟರಿ ಇದೇ ಜಾತಿಯದು. ಅವನ್ನು ಮುಚ್ಚಿದ ಮಾದರಿಯಂತೆಯೇ ನೋಡಿಕೊಳ್ಳಿ.

ಉಳಿದ ದ್ರವ

ಚರಂಡಿಗೆ, ಶೌಚಾಲಯಕ್ಕೆ, ಮಣ್ಣಿಗೆ ಸುರಿಯಬೇಡಿ. ನಿಕೋಟಿನನ್ನು ಹಿಂದೆ ಕೀಟನಾಶಕವಾಗಿ ಹೊಲಗಳಿಗೆ ಹೊಡೆಯುತ್ತಿದ್ದರು. ನೀರಿನಲ್ಲಿರುವ ಜೀವಿಗಳಿಗೆ ಅದು ಇಂದಿಗೂ ವಿಷವೇ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇದನ್ನು ತೀವ್ರ ಅಪಾಯಕಾರಿ ತ್ಯಾಜ್ಯದ ಪಟ್ಟಿಯಲ್ಲಿಟ್ಟಿದೆ. ಟ್ಯಾಂಕಿನಲ್ಲಿ ಮಿಕ್ಕಿದ್ದನ್ನು ಅದರದೇ ಬಾಟಲಿಗೆ ವಾಪಸು ಸುರಿದು, ಮಕ್ಕಳು ತೆರೆಯಲಾಗದ ಮುಚ್ಚಳವನ್ನು ಬಿಗಿಮಾಡಿ, ನೆಟ್ಟಗೆ ನಿಲ್ಲಿಸಿಡಿ. ನೀರು, ಜ್ಯೂಸು, ಔಷಧಿಯ ಬಾಟಲಿಗೆ ಸುರಿಯುವುದು ವಿಷ ಕುಡಿಸುವ ಅತಿ ಸುಲಭದ ದಾರಿ. ಖಾಲಿ ಬಾಟಲಿಯನ್ನು ತೊಳೆದು ಪ್ಲಾಸ್ಟಿಕ್ ಕಸಕ್ಕೆ ಹಾಕೋಣ ಎನ್ನಿಸಿದರೂ ಹಾಗೆ ಮಾಡಬೇಡಿ. ತೊಳೆಯದೆ, ಮುಚ್ಚಿ, ಉಳಿದವುಗಳ ಜೊತೆ ಕೊಡಿ.

ಕೈಗೆ ತಗುಲಿದರೆ ಕೂಡಲೇ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆಯಿರಿ, ದ್ರವ ಹತ್ತಿದ ಬಟ್ಟೆ ಬದಲಿಸಿ. ಕಣ್ಣಿಗೆ ಹಾರಿದರೆ 15 ನಿಮಿಷ ನೀರು ಬಿಡುತ್ತಾ ಇರಿ. ಯಾರಾದರೂ ನುಂಗಿದ್ದರೆ ವಾಂತಿ ಮಾಡಿಸಲು ಹೋಗದೆ, ಬಾಟಲಿ ಅಥವಾ ಉಪಕರಣವನ್ನು ಜೊತೆಗೆ ತೆಗೆದುಕೊಂಡು ಆಸ್ಪತ್ರೆಗೆ ಹೋಗಿ. ಮೊದಲು ಕಾಣುವುದು ಜೊಲ್ಲು, ಬೆವರು, ವಾಕರಿಕೆ, ತಲೆಸುತ್ತು, ಎದೆ ಡವಗುಟ್ಟುವುದು. ಲೇಬಲ್ಲಿನಲ್ಲಿರುವ ನಿಕೋಟಿನ್ ಪ್ರಮಾಣವನ್ನು ವೈದ್ಯರು ಕೇಳಿಯೇ ಕೇಳುತ್ತಾರೆ.

ಕೆಟ್ಟ ಬ್ಯಾಟರಿ

ಊದಿದ, ಬಿರುಕು ಬಿಟ್ಟ, ಕಾರಣವಿಲ್ಲದೆ ಬೆಚ್ಚಗಾದ, ನೀರಿಗೆ ಬಿದ್ದ, ಕಾಲಡಿ ಸಿಕ್ಕ ಉಪಕರಣವನ್ನು ಉಳಿದವುಗಳ ಜೊತೆ ಸೇರಿಸಬಾರದು. ಚಾರ್ಜಿಗೆ ಹಾಕಬಾರದು, ಗುಂಡಿ ಒತ್ತಿ ಪರೀಕ್ಷಿಸಬಾರದು. ತಣ್ಣಗಿದ್ದರೆ ಇಕ್ಕಳದಿಂದಲೋ ಕೈಗವಸು ಹಾಕಿದ ಕೈಯಿಂದಲೋ ಹಿಡಿದು ಮನೆಯ ಹೊರಗೆ, ಮಳೆ ಬಿಸಿಲು ಬೀಳದ ಕಡೆ, ಒಣ ಮರಳು ತುಂಬಿದ ಲೋಹದ ಬಕೆಟ್ಟಿನಲ್ಲಿ ಹೂತಿಡಿ. ಗೋಡೆ, ವಾಹನ, ಒಣ ಎಲೆಗಳಿಂದ ದೂರವಿರಲಿ. ಸಂಗ್ರಹ ಕೇಂದ್ರಕ್ಕೆ ಮೊದಲೇ ಫೋನ್ ಮಾಡಿ ‘ಹಾನಿಯಾದ ಲಿಥಿಯಂ ಬ್ಯಾಟರಿ’ ಎಂದೇ ಹೇಳಿ. ಅವರ ಸಾಗಣೆಯ ನಿಯಮ ಇದಕ್ಕೆ ಬೇರೆ ಇರುತ್ತದೆ. ಸುಮ್ಮನೆ ತಂದು ಡಬ್ಬಿಗೆ ಹಾಕಿ ಹೋದರೆ ಅಲ್ಲಿನವರಿಗೆ ತಿಳಿಯುವುದೇ ಇಲ್ಲ.

ಬುಸುಗುಟ್ಟುವ ಸದ್ದು, ಬಿಳಿ ಹೊಗೆ ಬಂದರೆ ಮುಟ್ಟುವ ಸಮಯ ಮುಗಿಯಿತು. ಒಳಗಿನ ಬಿಸಿ ಸುಮಾರು 130 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಧನ-ಋಣಗಳ ನಡುವಿನ ಪ್ಲಾಸ್ಟಿಕ್ ಪರದೆ ಕರಗುತ್ತದೆ. ಅಲ್ಲಿಂದಾಚೆಗೆ ಬಿಸಿ ತನ್ನನ್ನು ತಾನೇ ಹೆಚ್ಚಿಸಿಕೊಳ್ಳುತ್ತಾ ಹೋಗುತ್ತದೆ. ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್ ಇರುತ್ತದೆ, ಶ್ವಾಸಕೋಶಕ್ಕೆ ಕೆಟ್ಟದ್ದು. ಎಲ್ಲರನ್ನೂ ಹೊರಗೆ ಕಳಿಸಿ, ಬಾಗಿಲು ಮುಚ್ಚಿ, ಅಗ್ನಿಶಾಮಕ ದಳಕ್ಕೆ ಹೇಳಿ. ಒಂದೇ ಪುಟ್ಟ ಸೆಲ್, ಬಯಲು ಜಾಗ, ಗಾಳಿಗೆ ಬೆನ್ನು ಮಾಡಿ ದೂರದಿಂದ ಸುರಿಯಬಹುದು ಎಂದಿದ್ದರೆ ಧಾರಾಳವಾಗಿ ನೀರು ಸುರಿಯಿರಿ. ಲಿಥಿಯಂ ಎಂದ ಕೂಡಲೇ ನೀರು ಹಾಕಬಾರದು ಎಂಬ ಮಾತು ಲೋಹರೂಪದ ಲಿಥಿಯಂಗೆ ಸರಿ. ಲಿಥಿಯಂ-ಅಯಾನ್ ಸೆಲ್‌ಗೆ ಬೇಕಾಗಿರುವುದು ತಂಪು, ಅದನ್ನು ನೀರಿನಷ್ಟು ಚೆನ್ನಾಗಿ ಬೇರೆ ಯಾವುದೂ ಕೊಡುವುದಿಲ್ಲ. ಮರಳು ಉರಿಯನ್ನು ಹರಡದಂತೆ ತಡೆಯುತ್ತದೆ, ತಂಪು ಮಾಡುವುದಿಲ್ಲ. ಆರಿದಂತೆ ಕಂಡ ಸೆಲ್ ಗಂಟೆಗಳ ನಂತರ ಮತ್ತೆ ಹೊತ್ತಿಕೊಳ್ಳಬಹುದು, ಒಂದು ದಿನವಾದರೂ ಹೊರಗೇ ಇರಲಿ.

ಕೇಳಿಬರುವ ಕೆಲವು ‘ಉಪಾಯ’ಗಳು

ಉಪ್ಪುನೀರಿನಲ್ಲಿ ಮುಳುಗಿಸಿಟ್ಟರೆ ಬ್ಯಾಟರಿ ಬರಿದಾಗುತ್ತದೆ ಎಂಬುದು ಇವುಗಳಲ್ಲಿ ಹೆಚ್ಚು ಹಬ್ಬಿರುವ ಸಲಹೆ. ಆಗುವುದೇ ಬೇರೆ: ಉಪ್ಪುನೀರು ಮೊದಲು ತುದಿಯ ಲೋಹವನ್ನು ತಿಂದುಹಾಕುತ್ತದೆ. ಸಂಪರ್ಕ ಕಡಿದುಹೋದ ಮೇಲೆ ಚಾರ್ಜು ಒಳಗೇ ಉಳಿಯುತ್ತದೆ, ಹೊರಗೆ ಅಳೆದರೆ ಸೊನ್ನೆ. ಈ ನಡುವೆ ಹೈಡ್ರೋಜನ್ ಮತ್ತು ಕ್ಲೋರಿನ್ ಅನಿಲ ಏಳುತ್ತದೆ, ಸೆಲ್ ಸೋರಿದರೆ ಒಂದು ಬಕೆಟ್ ವಿಷದ ನೀರು ಬೇರೆ. ಇ-ಸಿಗರೇಟನ್ನು ಇಡಿಯಾಗಿ ಮುಳುಗಿಸಿದರೆ ಅದಕ್ಕೆ ನಿಕೋಟಿನ್ನೂ ಸೇರುತ್ತದೆ.

ತಂತಿಯಿಂದ ಎರಡು ತುದಿ ಜೋಡಿಸಿ ಬರಿದು ಮಾಡುವುದು ಎಂದರೆ ಬೇಕೆಂದೇ ಶಾರ್ಟ್ ಮಾಡುವುದು. ಫ್ರೀಜರಿನಲ್ಲಿಟ್ಟರೆ ಹೊರತೆಗೆದಾಗ ಒಳಗೆಲ್ಲ ನೀರ ಹನಿ ಕೂರುತ್ತದೆ.

ಎಸೆದ ಇ-ಸಿಗರೇಟಿನ ಸೆಲ್‌ಗಳನ್ನು ಕಿತ್ತು ಪವರ್ ಬ್ಯಾಂಕ್ ಮಾಡುವ ವಿಡಿಯೊಗಳೂ ಓಡಾಡುತ್ತಿವೆ. ಸೆಲ್‌ಗಳಲ್ಲಿ ಜೀವ ಇದೆ ಎಂಬುದು ನಿಜ, ಅದಕ್ಕೇ ಆಸೆಯಾಗುವುದು. ಆದರೆ ಫೋನಿನ ಬ್ಯಾಟರಿಯಲ್ಲಿರುವಂಥ ರಕ್ಷಣಾ ಸರ್ಕಿಟ್ ಈ ಸೆಲ್‌ಗಳಿಗೆ ಅಂಟಿಕೊಂಡಿರುವುದು ಅಪರೂಪ. ಒಂದೊಂದರ ಸಾಮರ್ಥ್ಯ, ಸವೆತ ಬೇರೆಬೇರೆ. ಹಾಗೆ ಜೋಡಿಸಿದಾಗ ಚಾರ್ಜ್ ಮಾಡುವ ಹೊತ್ತಿಗೆ ದುರ್ಬಲವಾದದ್ದು ಮಿತಿ ಮೀರುತ್ತದೆ. ಕೀಳುವ ಕೆಲಸವೇ ಮೊದಲ ಅಪಾಯ: ಕೊಳವೆಗೆ ಬಿಗಿಯಾಗಿ ತುರುಕಿದ ಸೆಲ್ ಅನ್ನು ಇಕ್ಕಳ ಹಾಕಿ ಎಳೆದಾಗ ಬೆಸುಗೆಯ ತಂತಿ ಕಿತ್ತು ಇನ್ನೊಂದು ತುದಿಗೆ ಬಡಿಯುತ್ತದೆ, ಕೈಯಲ್ಲಿ ನಿಕೋಟಿನ್ ಜಿಡ್ಡು. ಪ್ರಯೋಗಾಲಯದ ಕೆಲಸ ಇದು, ಊಟದ ಮೇಜಿನದಲ್ಲ.

ಎಲ್ಲಿಗೆ ಕೊಡಬೇಕು

ಮೊದಲು, ಕೊಂಡ ಅಂಗಡಿ. ಹಲವು ದೇಶಗಳಲ್ಲಿ ಇವನ್ನು ಮಾರುವವರೇ ವಾಪಸು ಪಡೆಯಬೇಕೆಂಬ ನಿಯಮವಿದೆ, ಅಂಗಡಿಯಲ್ಲೇ ಪ್ರತ್ಯೇಕ ಡಬ್ಬಿ ಇರುತ್ತದೆ. ಅದಿಲ್ಲದಿದ್ದರೆ ಸ್ಥಳೀಯ ಆಡಳಿತದ ಇ-ತ್ಯಾಜ್ಯ ಅಥವಾ ಮನೆಯ ಅಪಾಯಕಾರಿ ತ್ಯಾಜ್ಯ ಸಂಗ್ರಹ ಕೇಂದ್ರ. ಮಾರಾಟವೇ ನಿಷೇಧವಾಗಿರುವ ದೇಶಗಳಲ್ಲಿ ಅಂಗಡಿಯ ದಾರಿ ಇರುವುದಿಲ್ಲ. ಅಲ್ಲಿ ಅಧಿಕೃತ ಇ-ತ್ಯಾಜ್ಯ ಕೇಂದ್ರವನ್ನೇ ಹುಡುಕಬೇಕು. ಗುಜರಿಗೆ ಹಾಕಬೇಡಿ. ಅಲ್ಲಿ ಅಲ್ಯೂಮಿನಿಯಂ ಕೊಳವೆಗಾಗಿ ಇದನ್ನು ಸುತ್ತಿಗೆಯಿಂದ ಜಜ್ಜುವವರಿಗೆ ಒಳಗೆ ಸೆಲ್ ಇದೆ ಎಂದು ಯಾರೂ ಹೇಳಿರುವುದಿಲ್ಲ.

ಕಸದ ಬುಟ್ಟಿ ಏಕೆ ಬೇಡ ಎಂಬುದಕ್ಕೂ ಉತ್ತರ ಜಜ್ಜುವುದರಲ್ಲೇ ಇದೆ. ಕಸದ ಲಾರಿ ತುಂಬಿದ್ದನ್ನು ಒತ್ತಿ ಕಿರಿದು ಮಾಡುತ್ತದೆ. ಸೆಲ್ ಅಲ್ಲಿ ಚಪ್ಪಟೆಯಾದರೆ ಸುತ್ತ ಇರುವುದು ಕಾಗದ, ಪ್ಲಾಸ್ಟಿಕ್. ಬೆಂಕಿಗೆ ಅದಕ್ಕಿಂತ ಹೆಚ್ಚೇನೂ ಬೇಕಿಲ್ಲ.

ಒಯ್ಯುವಾಗ ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡಿನ ಮೇಲಿಡಬೇಡಿ. ಅಂಚೆ, ಕೊರಿಯರ್ ಮೂಲಕ ಕಳಿಸಬೇಕಾದರೆ ಮೊದಲು ಅವರನ್ನು ಕೇಳಿ. ಉಪಕರಣದೊಳಗಿನ ಲಿಥಿಯಂ-ಅಯಾನ್ ಬ್ಯಾಟರಿಯ ಸಾಗಣೆ ಸಂಖ್ಯೆ ಯುಎನ್ 3481, ಬಿಡಿ ಬ್ಯಾಟರಿಯದು ಯುಎನ್ 3480. ಹಾನಿಯಾದವನ್ನು ವಿಮಾನದಲ್ಲಿ ಸಾಗಿಸುವಂತಿಲ್ಲ. ವಿಮಾನ ಪ್ರಯಾಣಿಕರು ಸರಿಯಿರುವ ಇ-ಸಿಗರೇಟನ್ನೂ ಕೈಚೀಲದಲ್ಲೇ ಇಟ್ಟುಕೊಳ್ಳಬೇಕು, ಸರಕಿಗೆ ಹಾಕುವ ಪೆಟ್ಟಿಗೆಯಲ್ಲಿ ಇಡುವಂತಿಲ್ಲ.

ಕಚೇರಿ, ಕಾಲೇಜು, ಅಂಗಡಿಯಲ್ಲಿ ಡಬ್ಬಿ ಇಡುವವರಿಗೆ

ಪಾರದರ್ಶಕ ಪ್ಲಾಸ್ಟಿಕ್ ಜಾಡಿ ಇಟ್ಟು ತುಂಬಲು ಬಿಡುವುದು ಸಾಮಾನ್ಯವಾಗಿ ಕಾಣುವ ತಪ್ಪು. ಲೋಹದ ಡಬ್ಬಿ ಬೇಕು, ಅನಿಲ ಹೋಗಲು ದಾರಿ ಬೇಕು, ಕೈ ತೂರಿ ಹಿಂದಕ್ಕೆ ತೆಗೆಯಲಾಗದಷ್ಟು ಕಿರಿದಾದ ಬಾಯಿ ಬೇಕು. ಕದ್ದು ಮತ್ತೆ ಎಳೆಯಲು ನೋಡುವ ಹುಡುಗರು ಇದ್ದೇ ಇರುತ್ತಾರೆ. ತಳದಲ್ಲಿ ಮತ್ತು ಪ್ರತಿ ಪದರದ ನಡುವೆ ವರ್ಮಿಕ್ಯುಲೈಟ್ (ಕಾಯಿಸಿ ಉಬ್ಬಿಸಿದ ಖನಿಜದ ಹರಳು) ಅಥವಾ ಒಣ ಮರಳು ಹರಡಿ. ವರ್ಮಿಕ್ಯುಲೈಟ್ ಸೋರಿದ ದ್ರವವನ್ನೂ ಹೀರುತ್ತದೆ, ಉರಿಯುವುದೂ ಇಲ್ಲ, ಹಗುರವೂ ಹೌದು. ಮರದ ಹೊಟ್ಟು, ಕಾಗದದ ಚೂರು ಎಂದಿಗೂ ಬೇಡ.

ಅರ್ಧ ತುಂಬಿದಾಗಲೇ ಖಾಲಿ ಮಾಡಿಸುವ ಏರ್ಪಾಡು ಇರಲಿ. ದಿನಕ್ಕೊಮ್ಮೆ ಡಬ್ಬಿಯ ಹೊರಮೈ ಮುಟ್ಟಿ ನೋಡುವ ಹೊಣೆ ಒಬ್ಬರಿಗೆ ವಹಿಸಿ, ಬೆಚ್ಚಗಿದ್ದರೆ ಅವರು ತೆರೆಯದೆ ಎಲ್ಲರನ್ನೂ ಹೊರಗೆ ಕಳಿಸಬೇಕು. ಡಬ್ಬಿಯನ್ನು ಮೆಟ್ಟಿಲಿನ ಕೆಳಗೆ, ಕಾಗದದ ದಾಸ್ತಾನಿನ ಪಕ್ಕ, ಹೀಟರಿನ ಹತ್ತಿರ ಇಡಬಾರದು. ಡಬ್ಬಿಯ ಮೇಲೆ ಏನು ಹಾಕಬೇಕೆಂದಷ್ಟೇ ಬರೆಯದೆ, ಊದಿದ್ದು ಬೆಚ್ಚಗಿರುವುದು ಹಾಕಬಾರದೆಂದೂ ಬರೆಯಿರಿ.

ಕೇಂದ್ರದಲ್ಲಿ ಮುಂದೇನಾಗುತ್ತದೆ, ಅವರನ್ನು ಏನು ಕೇಳಬೇಕು

ಸರಿಯಾದ ಘಟಕದಲ್ಲಿ ಮೊದಲು ಕೈಯಿಂದ ವಿಂಗಡಿಸುತ್ತಾರೆ, ಆಮೇಲೆ ಗಾಳಿ ಎಳೆಯುವ ಹುಡ್ ಕೆಳಗೆ ಕೊಳವೆ ಕತ್ತರಿಸಿ ಸೆಲ್, ಹತ್ತಿ, ಲೋಹ, ಪ್ಲಾಸ್ಟಿಕ್ ಬೇರೆ ಮಾಡುತ್ತಾರೆ. ನಿಕೋಟಿನ್ ತುಂಬಿದ ಹತ್ತಿ ಮತ್ತು ಜಿಡ್ಡು ಅಂಟಿದ ಪ್ಲಾಸ್ಟಿಕ್ ಮರುಬಳಕೆಗೆ ಬರುವುದು ಕಷ್ಟ, ಹೆಚ್ಚಾಗಿ ಅವು ಹೆಚ್ಚು ಶಾಖದ ದಹನಕುಲುಮೆಗೆ ಹೋಗುತ್ತವೆ. ಸೆಲ್‌ಗಳನ್ನು ಹತೋಟಿಯಲ್ಲಿ ಬರಿದು ಮಾಡಿ, ಇಲ್ಲವೇ ನೈಟ್ರೋಜನ್‌ನಂಥ ಜಡ ಅನಿಲದಲ್ಲಿ ಪುಡಿ ಮಾಡುತ್ತಾರೆ. ತಾಮ್ರ, ಅಲ್ಯೂಮಿನಿಯಂ ಹಾಳೆಗಳು ಬೇರೆಯಾಗಿ ಉಳಿಯುವ ಕಪ್ಪು ಪುಡಿಯಲ್ಲಿ ಕೋಬಾಲ್ಟ್, ನಿಕಲ್, ಮ್ಯಾಂಗನೀಸ್, ಲಿಥಿಯಂ, ಗ್ರಾಫೈಟ್ ಇರುತ್ತವೆ. ಆಮ್ಲದಲ್ಲಿ ಕರಗಿಸಿ ಲೋಹಗಳನ್ನು ಒಂದೊಂದಾಗಿ ಪಡೆಯುವ ವಿಧಾನದಲ್ಲಿ ಲಿಥಿಯಂ ಕೂಡ ಸಿಗುತ್ತದೆ. ನೇರ ಕುಲುಮೆಗೆ ಹಾಕಿ ಕರಗಿಸಿದರೆ ಕೋಬಾಲ್ಟ್, ನಿಕಲ್, ತಾಮ್ರ ಸಿಕ್ಕಿ ಲಿಥಿಯಂ ಗಸಿಯ ಪಾಲಾಗುತ್ತದೆ.

ಕೈಯಿಂದ ಬಿಚ್ಚುವ ಕೂಲಿಯ ಮುಂದೆ ಸಿಗುವ ಲೋಹದ ಬೆಲೆ ಕಡಿಮೆ. ಹಾಗಾಗಿ ಸಂಗ್ರಹಿಸಿದ್ದೆಲ್ಲ ಮರುಬಳಕೆಯಾಗುತ್ತದೆ ಎಂದು ಕಣ್ಣುಮುಚ್ಚಿ ನಂಬುವಂತಿಲ್ಲ, ಕೇಳಲೇಬೇಕು. ಒಪ್ಪಿಸುವ ಮೊದಲು ಫೋನಿನಲ್ಲಿ ಈ ನಾಲ್ಕನ್ನು ಕೇಳಿ: ಇ-ಸಿಗರೇಟನ್ನು ದ್ರವದ ಸಮೇತ ತೆಗೆದುಕೊಳ್ಳುತ್ತೀರಾ? ಬ್ಯಾಟರಿ ತೆಗೆಯಲಾಗದ ಮಾದರಿ ಆಗುತ್ತದೆಯೇ? ನೀವೇ ಬಿಚ್ಚುತ್ತೀರೋ, ಬೇರೆ ಘಟಕಕ್ಕೆ ಕಳಿಸುತ್ತೀರೋ? ಹಾನಿಯಾದ ಬ್ಯಾಟರಿ ಇದ್ದರೆ ಹೇಗೆ ತರಬೇಕು? ಮೂರನೆಯದಕ್ಕೆ ಘಟಕದ ಹೆಸರು ಹೇಳಿದರೆ ಅಧಿಕೃತ ಪಟ್ಟಿಯಲ್ಲಿ ಅದು ಇದೆಯೇ ಎಂದು ನೋಡಿಕೊಳ್ಳಬಹುದು. ‘ಎಲ್ಲಾ ಒಂದೇ ಡಬ್ಬಿಗೆ ಹಾಕಿ ಹೋಗಿ’ ಎಂದರೆ ಬೇರೆ ಕೇಂದ್ರ ಹುಡುಕಿ.